ಎಂಟು ಗಂಟೆಯ ಮಾತ್ರೆ

ಊರಿಗೆ ಹೋದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ನಿನಗೆ ಅಲ್ಲಿ ಎಂತ ಕೆಲಸ ಮಾರಾಯ್ತಿ?" ಇಂಗ್ಲೆಂಡಿನಲ್ಲಿ ಕೌನ್ಸಿಲ್ ಕೆಲಸ ಅಂದರೆ ಸುಳ್ಯದ ಕಡೆ ಯಾರಿಗೂ ತಲೆಬುಡ ಹತ್ತುವುದಿಲ್ಲ. ನಮ್ಮ ನಗರಸಭೆಯ ಹಾಗೆ ಅಂದುಕೊಳ್ಳಿ ಅನ್ನುತ್ತೇನೆ. ಅವರು ದುಡ್ಡು ಕೊಟ್ಟು ವಯಸ್ಸಾದವರ ಮನೆಗೆ ಹೋಂ ನರ್ಸ್ ಕಳಿಸುತ್ತಾರೆ, ಆ ಹೋಂ ನರ್ಸ್‌ಗಳು ಸರಿಯಾಗಿ ನೋಡಿಕೊಳ್ಳುತ್ತಾರಾ ಅಂತ ಪರೀಕ್ಷೆ ಮಾಡುವುದು ನನ್ನ ಕೆಲಸ. ದೊಡ್ಡಮ್ಮ ಈ ಮಾತಿನ ಅರ್ಧ ಭಾಗ ಕೇಳಿಸಿಕೊಳ್ಳುವುದೇ ಇಲ್ಲ. "ನಗರಸಭೆಯವರು ದುಡ್ಡು ಕೊಡ್ತಾರಾ?" ಅಂತ ಅಲ್ಲೇ ನಿಂತುಬಿಡುತ್ತಾರೆ.

ಕೊಡುತ್ತಾರೆ, ಆದರೆ ಎಲ್ಲರಿಗೂ ಅಲ್ಲ. 2014ರಲ್ಲಿ ಇಲ್ಲಿ ಕೇರ್ ಆ್ಯಕ್ಟ್ ಅಂತ ಒಂದು ಕಾನೂನು ಬಂತು. ಸ್ನಾನ, ಬಟ್ಟೆ, ಊಟ, ಮಾತ್ರೆ ಇಂಥದ್ದಕ್ಕೆಲ್ಲ ಒಬ್ಬರಿಗೆ ಸಹಾಯ ಬೇಕಾಗಬಹುದು ಅಂತ ಕಂಡರೆ ಕೌನ್ಸಿಲ್‌ನವರು ಬಂದು ವಿಚಾರಿಸಲೇಬೇಕು. ಆಮೇಲೆ ದುಡ್ಡಿನ ಲೆಕ್ಕ. ಉಳಿತಾಯ 23,250 ಪೌಂಡಿಗಿಂತ ಜಾಸ್ತಿ ಇದ್ದರೆ ಖರ್ಚು ಪೂರ್ತಿ ಅವರದ್ದೇ. ಕಡಿಮೆ ಇದ್ದರೆ ಕೌನ್ಸಿಲ್ ಭರಿಸುತ್ತದೆ, ಆದಾಯ ನೋಡಿ ಅವರಿಂದಲೂ ಒಂದು ಪಾಲು ತೆಗೆದುಕೊಳ್ಳುತ್ತದೆ. ವಾಸ ಇರುವ ಸ್ವಂತ ಮನೆಯ ಬೆಲೆಯನ್ನು ಮಾತ್ರ ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಗೇ ಬಂದು ನೋಡಿಕೊಳ್ಳುವ ಸೇವೆಗೆ ಆ ರಿಯಾಯಿತಿ ಇದೆ.

ಹಾಗಂತ ಕೌನ್ಸಿಲ್ ತಾನೇ ಕೇರರ್‌ಗಳನ್ನು (ನಾನು ಹೋಂ ನರ್ಸ್ ಅಂದೆನಲ್ಲ, ಅವರಿಗೆ ಇಲ್ಲಿನ ಹೆಸರು) ಇಟ್ಟುಕೊಂಡಿಲ್ಲ. ಖಾಸಗಿ ಏಜೆನ್ಸಿಗಳಿಂದ ಗಂಟೆ ಲೆಕ್ಕದಲ್ಲಿ ಕೊಳ್ಳುತ್ತದೆ. ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಕಾಲು ಗಂಟೆ, ರಾತ್ರಿ ಅರ್ಧ ಗಂಟೆ, ಹೀಗೆ. ಒಂದೊಂದು ಭೇಟಿಗೂ ಇಲ್ಲಿ 'ಕಾಲ್' ಅನ್ನುತ್ತಾರೆ. ಏಜೆನ್ಸಿಗಳಿಗೆ ನೋಂದಣಿ ಕೊಡುವುದು ಸಿಕ್ಯೂಸಿ ಎಂಬ ರಾಷ್ಟ್ರಮಟ್ಟದ ಸಂಸ್ಥೆ. 'ಅತ್ಯುತ್ತಮ', 'ಉತ್ತಮ', 'ಸುಧಾರಣೆ ಬೇಕು', 'ಸಾಲದು' ಅಂತ ನಾಲ್ಕು ದರ್ಜೆಯಲ್ಲಿ ಅಂಕ ಹಾಕುವುದೂ ಅದೇ. ಅದು ನನ್ನ ಕೆಲಸವಲ್ಲ. ನಾನು ಕೌನ್ಸಿಲ್‌ನ ಕಡೆಯವಳು. ನಾವು ದುಡ್ಡು ಕೊಟ್ಟು ಕೊಂಡದ್ದು ಆ ಮನೆಗೆ ತಲುಪಿತಾ, ತಲುಪಿದ್ದು ಚೆನ್ನಾಗಿತ್ತಾ ಅಂತ ನೋಡುವವಳು. ಏಜೆನ್ಸಿ ತಪ್ಪು ಮಾಡಿದರೂ ಕೌನ್ಸಿಲ್ ಕೈ ತೊಳೆದುಕೊಳ್ಳುವ ಹಾಗಿಲ್ಲ. ದೂರು ಓಂಬುಡ್ಸ್‌ಮನ್ ಅನ್ನುವ, ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿಯ ತನಕ ಹೋದರೆ ಉತ್ತರ ಕೊಡಬೇಕಾದ್ದು ನಾವೇ.

ಈ ಕುರ್ಚಿಗೆ ಬರುವ ಮೊದಲು ಮೂರು ವರ್ಷ ನಾನೂ ಕೇರರ್ ಆಗಿದ್ದೆ. ಆಮೇಲೆ ಎರಡು ವರ್ಷ ಒಂದು ಏಜೆನ್ಸಿ ಆಫೀಸಿನಲ್ಲಿ ರೋಟಾ ಹಾಕುತ್ತಿದ್ದೆ. ಯಾರು ಎಷ್ಟು ಗಂಟೆಗೆ ಯಾರ ಮನೆಗೆ ಅನ್ನುವ ಪಟ್ಟಿ. ಹಾಗಾಗಿ ಈ ದಂಧೆಯ ಒಳದಾರಿ ಎಲ್ಲ ನನಗೆ ಗೊತ್ತು ಅನ್ನುವ ಜಂಬ ಇತ್ತು. ಈಗ ಹೇಳುವ ಕಥೆಯಲ್ಲಿ ಆ ಜಂಬ ಸ್ವಲ್ಪ ಇಳಿಯಿತು.

2024ರ ನವೆಂಬರ್. ಒಬ್ಬ ಮಗಳು ಫೋನ್ ಮಾಡಿದಳು. ಅಪ್ಪನಿಗೆ 81, ಒಬ್ಬರೇ ಇರುತ್ತಾರೆ, ಪಾರ್ಕಿನ್ಸನ್ಸ್ ಇದೆ. ಬೆಳಿಗ್ಗೆ 8ಕ್ಕೆ ಬರಬೇಕಾದ ಕೇರರ್ ಹತ್ತು ಗಂಟೆಗೆ ಬರುತ್ತಾರೆ, ಮಾತ್ರೆ ತಡ ಆಗುತ್ತದೆ. ಏಜೆನ್ಸಿಗೆ ಹೇಳಿದರೆ "ಇಲ್ಲ, ಸರಿಯಾಗಿ 8ಕ್ಕೇ ಕೊಟ್ಟಿದ್ದೇವೆ, ಚಾರ್ಟ್‌ನಲ್ಲಿ ಇದೆ" ಅನ್ನುತ್ತಾರಂತೆ. ನಾನು ಈ ಬರಹದಲ್ಲಿ ಅವರನ್ನು ಅಜ್ಜ ಅಂತಲೇ ಕರೆಯುತ್ತೇನೆ. ಎದುರಿಗೆ ಹಾಗೆ ಕರೆದಿದ್ದರೆ ಏನನ್ನುತ್ತಿದ್ದರೋ ಗೊತ್ತಿಲ್ಲ.

ಪಾರ್ಕಿನ್ಸನ್ಸ್ ನೋಡಿದವರಿಗೆ ಈ ದೂರಿನ ತೂಕ ಗೊತ್ತಿರುತ್ತದೆ. ಬಿಪಿ ಮಾತ್ರೆ ಒಂದು ಗಂಟೆ ತಡವಾದರೆ ಸಾಮಾನ್ಯವಾಗಿ ಆಕಾಶ ಬೀಳುವುದಿಲ್ಲ. ಪಾರ್ಕಿನ್ಸನ್ಸ್‌ಗೆ ಕೊಡುವ ಲೆವೊಡೋಪಾ ಹಾಗಲ್ಲ. ಹಿಂದಿನ ಮಾತ್ರೆಯ ಬಲ ಇಳಿಯುವ ಹೊತ್ತಿಗೆ ಮುಂದಿನದ್ದು ಹೊಟ್ಟೆಗೆ ಬೀಳಬೇಕು. ತಡವಾದರೆ ಕೈಕಾಲು ಬಿಗಿದುಕೊಳ್ಳುತ್ತದೆ, ನಡುಕ ಹೆಚ್ಚುತ್ತದೆ, ಹೆಜ್ಜೆ ಎತ್ತಲು ಹೋದರೆ ಪಾದ ನೆಲಕ್ಕೆ ಅಂಟಿದ ಹಾಗೆ ಆಗುತ್ತದೆ. ನುಂಗುವುದೂ ಕಷ್ಟ. ಹಾಸಿಗೆಯಲ್ಲಿ ಮಗ್ಗುಲು ತಿರುಗಲೂ ಆಗದೆ ಗಡಿಯಾರ ನೋಡುತ್ತಾ ಮಲಗಿರಬೇಕು. ಎರಡು ಗಂಟೆ ಅಂದರೆ ಅವರಿಗೆ ಅರ್ಧ ದಿನವೇ ಹೋದ ಹಾಗೆ.

ಮೊದಲು ನಾನು ಮೇಜಿನ ಮುಂದೆ ಕೂತು ಮಾಡುವ ಕೆಲಸ ಮಾಡಿದೆ. ಆ ಏಜೆನ್ಸಿಯ ಸಿಕ್ಯೂಸಿ ದರ್ಜೆ 'ಉತ್ತಮ' ಅಂತ ಇತ್ತು, ಆದರೆ ಮೂರು ವರ್ಷ ಹಳೆಯದು. ಇಂಥ ಹಳೆಯ ದರ್ಜೆಗಳ ಮೇಲೆ ಆ ವರ್ಷ ದೊಡ್ಡ ಚರ್ಚೆಯೇ ನಡೆದಿತ್ತು. ಸರ್ಕಾರ ಡಾ. ಪೆನ್ನಿ ಡ್ಯಾಶ್ ಎಂಬವರಿಂದ ಸಿಕ್ಯೂಸಿಯದ್ದೇ ಪರಿಶೀಲನೆ ಮಾಡಿಸಿತ್ತು. ಸಿಕ್ಯೂಸಿ ತಪಾಸಣೆ ಮಾಡಬಹುದಾದ ಜಾಗಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ದರ್ಜೆಯೇ ಸಿಕ್ಕಿಲ್ಲ ಅಂತ ಅವರ ಜುಲೈ ತಿಂಗಳ ವರದಿ ಹೇಳಿತ್ತು. ಗೋಡೆಯ ಮೇಲಿನ ಸರ್ಟಿಫಿಕೇಟ್ ಯಾವತ್ತೋ ತೆಗೆದ ಫೋಟೋ ಇದ್ದ ಹಾಗೆ. ಈಗಿನ ಮುಖ ಬೇರೆ ಇರಬಹುದು.

ಆಮೇಲೆ ನಾಲ್ಕು ವಾರದ ಹಾಜರಿ ದಾಖಲೆ ತರಿಸಿದೆ. ಇಲ್ಲಿ ಪ್ರತಿ ಮನೆಯಲ್ಲೂ ಏಜೆನ್ಸಿಯ ಒಂದು ಫೋಲ್ಡರ್ ಇರುತ್ತದೆ, ಅದರ ಒಳಗೆ ಬಟನ್ನಿನಷ್ಟು ದೊಡ್ಡ ಟ್ಯಾಗ್ ಅಂಟಿಸಿರುತ್ತಾರೆ. ಕೇರರ್ ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಅದಕ್ಕೆ ಫೋನ್ ತಾಗಿಸಬೇಕು. ಆ ಟ್ಯಾಗನ್ನೇ ಕಿತ್ತು ಕಾರಿನಲ್ಲಿ ಇಟ್ಟುಕೊಂಡವರನ್ನೂ ನಾನು ನೋಡಿದ್ದೇನೆ, ಆ ಮಾತು ಬೇರೆ. ಈ ಏಜೆನ್ಸಿಯ ದಾಖಲೆ ಹಾಗಿರಲಿಲ್ಲ, ಪ್ರಾಮಾಣಿಕವಾಗಿತ್ತು. ಪ್ರಾಮಾಣಿಕವಾಗಿದ್ದದ್ದೇ ಅವರಿಗೆ ಮುಳುವಾಯಿತು. ಅಜ್ಜನ ಮನೆಯ 28 ಬೆಳಗುಗಳಲ್ಲಿ ಎಂಟೂವರೆಯ ಒಳಗೆ ಕೇರರ್ ಬಂದದ್ದು 9 ದಿನ ಮಾತ್ರ. ಎರಡು ದಿನ ಹತ್ತೂವರೆ ದಾಟಿತ್ತು. ಅರ್ಧ ಗಂಟೆಯ ಕಾಲ್ ಬಹಳ ದಿನ ಹದಿನೆಂಟು, ಇಪ್ಪತ್ತು ನಿಮಿಷಕ್ಕೆ ಮುಗಿದಿತ್ತು. ಇದಕ್ಕೆ ಇಲ್ಲಿ 'ಕ್ಲಿಪ್ಪಿಂಗ್' ಅನ್ನುತ್ತಾರೆ, ಉಗುರು ಕತ್ತರಿಸಿದ ಹಾಗೆ ಹೊತ್ತನ್ನು ಕತ್ತರಿಸುವುದು.

ಮಾರ್ ಚಾರ್ಟ್ ಅಂದರೆ ಮಾತ್ರೆ ಕೊಟ್ಟ ದಾಖಲೆ. ಅದರಲ್ಲಿ 28 ದಿನವೂ 8 ಗಂಟೆಯ ಚೌಕದಲ್ಲಿ ಸಹಿ. ನವೆಂಬರ್ 12ರಂದು ಫೋನ್ ತಾಗಿಸಿದ್ದು 9:52ಕ್ಕೆ, ಚಾರ್ಟ್ ಪ್ರಕಾರ ಮಾತ್ರೆ 8ಕ್ಕೆ. ಸಿಕ್ಕಿಬಿದ್ದರು ಅಂದುಕೊಂಡೆ. ಸುಳ್ಳು ಸಹಿ, ಅದೂ ಒಂದೇ ಹುಡುಗಿಯ ಇನಿಷಿಯಲ್ ಹದಿನಾರು ದಿನ. ವರದಿಯ ಮೊದಲ ಸಾಲು ತಲೆಯಲ್ಲಿ ಬರೆದೇ ಬಿಟ್ಟಿದ್ದೆ.

ಏಜೆನ್ಸಿಯ ಆಫೀಸು ಒಂದು ಅಂಗಡಿಯ ಮಹಡಿಯ ಮೇಲೆ. ಕಿರಿದಾದ ಮೆಟ್ಟಿಲು, ಮೇಲೆ ಎರಡು ಕೋಣೆ, ಗೋಡೆ ತುಂಬ ರೋಟಾ. ಮ್ಯಾನೇಜರ್ ಐವತ್ತು ದಾಟಿದ ಹೆಂಗಸು, ಯೂನಿಫಾರಮ್ಮಿನಲ್ಲೇ ಕೂತಿದ್ದರು. ಬೆಳಿಗ್ಗೆ ಯಾರೋ ರಜೆ ಹಾಕಿದ್ದಕ್ಕೆ ಅವರೇ ನಾಲ್ಕು ಮನೆ ಮುಗಿಸಿ ಬಂದಿದ್ದರಂತೆ. ಅವರು ಕೊಟ್ಟ ಟೀ ಕುಡಿದು ಫೈಲು ಬಿಡಿಸಿದೆ.

ಆಫೀಸಿನ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹತ್ತು ಸಿಬ್ಬಂದಿಯ ಫೈಲ್ ತೆಗೆಸಿದೆ. ಪೊಲೀಸ್ ದಾಖಲೆ ನೋಡುವ ಡಿಬಿಎಸ್ ಇದೆಯಾ, ಹಿಂದಿನ ಕೆಲಸದವರ ಶಿಫಾರಸು ಇದೆಯಾ, ನಡುವೆ ಕೆಲಸ ಇಲ್ಲದ ವರ್ಷಗಳಿಗೆ ವಿವರಣೆ ಇದೆಯಾ. ಎಲ್ಲ ಇತ್ತು. ತರಬೇತಿಯ ಪಟ್ಟಿ ಬೆಳಗಾವಿಯ ಮಳೆಗಾಲದ ಗದ್ದೆಯ ಹಾಗೆ ಪೂರ್ತಿ ಹಸಿರು. ನನಗೆ ಇಷ್ಟು ಹಸಿರು ಕಂಡರೆ ಅನುಮಾನ. ಒಬ್ಬಳ ಫೈಲ್ ಬಿಡಿಸಿದರೆ ಒಂದೇ ದಿನ ಹನ್ನೊಂದು ಸರ್ಟಿಫಿಕೇಟು, ಎಲ್ಲ ಆನ್‌ಲೈನ್. ಹಾಯ್ಸ್ಟ್ ಎಂಬ ಎತ್ತುವ ಯಂತ್ರದಲ್ಲಿ ಮನುಷ್ಯರನ್ನು ಹಾಸಿಗೆಯಿಂದ ಕುರ್ಚಿಗೆ ಸಾಗಿಸುವುದನ್ನು ವಿಡಿಯೋ ನೋಡಿ ಹೇಗೆ ಕಲಿಯುತ್ತಾರೆ? ಈಜು ಕಲಿಯಲು ಪುಸ್ತಕ ಓದಿದ ಹಾಗೆ. ಅದನ್ನು ಬರೆದುಕೊಂಡೆ.

ದಿನಚರಿ ಪುಟಗಳಲ್ಲಿ ಮಾತ್ರ ಹೊತ್ತು ಕಳೆದೆ. ಕೇರರ್ ಪ್ರತಿ ಭೇಟಿಯ ಕೊನೆಗೆ ಎರಡು ಸಾಲು ಬರೆಯಬೇಕು. ಹೆಚ್ಚಿನವು ಅಚ್ಚು ಹಾಕಿದ ಹಾಗೆ: "ಎಲ್ಲ ಕೇರ್ ಕೊಟ್ಟೆ. ಟೀ ಮಾಡಿಕೊಟ್ಟೆ. ಹೊರಡುವಾಗ ಖುಷಿಯಾಗಿದ್ದರು." ಈ ಊರಿನ ವಯಸ್ಸಾದವರೆಲ್ಲ ಕೇರರ್ ಹೊರಡುವಾಗ ಖುಷಿಯಾಗಿರುತ್ತಾರೆ ಅಂದರೆ ಅದರ ಅರ್ಥ ಏನು ಅಂತ ನಾನು ಒಮ್ಮೆ ಕೇಳಬೇಕು ಅಂತಿದ್ದೇನೆ. ಇರಲಿ. ಅದರ ನಡುವೆ ಒಂದು ಸಾಲು ಸಿಕ್ಕಿತು. "ಇವತ್ತು ಶರ್ಟಿನ ಮೂರು ಗುಂಡಿ ಅವರೇ ಹಾಕಿಕೊಂಡರು. ನಾನು ಕಾದೆ." ಇನ್ನೊಂದು ದಿನ: "ಎಡಗಾಲಿನ ಶೂ ಕಚ್ಚುತ್ತಿದೆ, ಮಗಳಿಗೆ ಹೇಳಿದೆ." ಮತ್ತೊಂದು ದಿನ: "ಮಾತು ಸಣ್ಣಗಿದೆ. ನುಂಗುವಾಗ ಎರಡು ಸಲ ಕೆಮ್ಮಿದರು, ಆಫೀಸಿಗೆ ತಿಳಿಸಿದೆ."

ಇನಿಷಿಯಲ್ ನೋಡಿದೆ. ಹದಿನಾರು ದಿನ 'ಸುಳ್ಳು ಸಹಿ' ಹಾಕಿದ ಅದೇ ಹುಡುಗಿ.

ಅಲ್ಲಿಂದ ನನ್ನ ಲೆಕ್ಕ ತಪ್ಪಲು ಶುರುವಾಯಿತು. ಚಾರ್ಟನ್ನು ಇನ್ನೊಮ್ಮೆ ನೋಡಿದೆ. 08:00 ಅನ್ನುವುದು ಯಾರ ಕೈಬರಹವೂ ಅಲ್ಲ, ಅಚ್ಚಾಗಿಯೇ ಬರುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತ ಚೌಕಗಳು, ಮಾತ್ರೆ ಕೊಟ್ಟವರು ಆ ಚೌಕದಲ್ಲಿ ಇನಿಷಿಯಲ್ ಹಾಕಬೇಕು, ಅಷ್ಟೇ. ನಿಜವಾಗಿ ಎಷ್ಟು ಗಂಟೆಗೆ ಕೊಟ್ಟೆ ಅಂತ ಬರೆಯಲು ಜಾಗವೇ ಇಲ್ಲ. 9:52ಕ್ಕೆ ಬಂದು ಮಾತ್ರೆ ಕೊಟ್ಟವಳು 'ಕೊಟ್ಟೆ' ಅಂತ ಗುರುತು ಹಾಕಿದ್ದಾಳೆ. ಸುಳ್ಳು ಹೇಳಿದ್ದು ಅವಳಲ್ಲ, ಕಾಗದ. ಹೊತ್ತಿಗೆ ಸರಿಯಾಗಿ ಕೊಡಲೇಬೇಕಾದ ಮಾತ್ರೆಗೆ ಇಂಥ ಚಾರ್ಟ್ ಸಾಲದು ಅಂತ ಏಜೆನ್ಸಿಗೆ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ. ಅದಕ್ಕೂ ಹಿಂದಿನ ವರ್ಷದ ನಮ್ಮದೇ ಪರಿಶೀಲನೆಯಲ್ಲಿ 'ಮಾರ್ ಚಾರ್ಟ್: ಸಹಿ ಪೂರ್ಣ' ಅಂತ ಟಿಕ್ ಹಾಕಿ ಬಂದಿದ್ದೆವು.

ಆ ವಾರ ಏಜೆನ್ಸಿಯ ಹದಿನೈದು ಜನ ಗ್ರಾಹಕರಿಗೆ ಫೋನ್ ಮಾಡಿದೆ. ಮೊದಲೆಲ್ಲ ನಾನು "ಕೇರ್ ಬಗ್ಗೆ ಸಮಾಧಾನ ಇದೆಯಾ?" ಅಂತ ಕೇಳುತ್ತಿದ್ದೆ. ಇದಕ್ಕಿಂತ ದಂಡದ ಪ್ರಶ್ನೆ ಇನ್ನೊಂದಿಲ್ಲ. "ಹುಡುಗಿಯರು ಬಂಗಾರದಂಥವರು" ಅನ್ನುತ್ತಾರೆ. ಅದು ನಿಜವೂ ಹೌದು. ಆದರೆ ಮನೆಯ ಕೀಲಿ ಯಾರ ಕೈಯಲ್ಲಿದೆಯೋ, ನಾಳೆ ಬೆಳಿಗ್ಗೆ ತನ್ನ ಮೈ ತೊಳೆಯಲು ಯಾರು ಬರಬೇಕೋ ಅವರ ಮೇಲೆ ಯಾರು ದೂರು ಹೇಳುತ್ತಾರೆ? ಹಾಗಾಗಿ ಈಗ ಬೇರೆ ಥರ ಕೇಳುತ್ತೇನೆ. ನಿನ್ನೆ ತಿಂಡಿ ತಿಂದದ್ದು ಎಷ್ಟು ಗಂಟೆಗೆ? ಕೊನೆಯ ಸಲ ತಲೆಗೆ ಸ್ನಾನ ಯಾವತ್ತು? ನಾಳೆ ಬೆಳಿಗ್ಗೆ ಬರುವವರ ಹೆಸರು ಗೊತ್ತಾ? ಆಗ ಕಥೆ ತಾನಾಗಿ ಹೊರಗೆ ಬರುತ್ತದೆ. ಒಬ್ಬ ಅಜ್ಜಿ "ತಿಂಡಿ ಹನ್ನೊಂದಕ್ಕೆ, ಆದರೆ ಪರವಾಗಿಲ್ಲ ಬಿಡಿ, ಊಟವೂ ಹನ್ನೆರಡೂವರೆಗೇ ಬಂದುಬಿಡುತ್ತದಲ್ಲ" ಅಂದರು. ಆ ದಿನದ ಎರಡೂ ಕಾಲ್‌ಗಳಿಗೆ ದಾಖಲೆಯಲ್ಲಿ ಹಸಿರು ಟಿಕ್ ಇತ್ತು.

ಈ ಪ್ರಶ್ನೆ ನಾನು ಅಪ್ಪನ ಮೇಲೂ ಪ್ರಯೋಗ ಮಾಡಿದ್ದೇನೆ. ಸುಳ್ಯದಲ್ಲಿ ಅವರಿಗೆ ಒಬ್ಬ ಹೋಂ ನರ್ಸ್ ಇದ್ದಾರೆ, ಏಜೆನ್ಸಿಯಿಂದ ಬಂದವರು. ದುಡ್ಡು ನಮ್ಮದು, ಆಯ್ಕೆ ನಮ್ಮದು, ಚೆನ್ನಾಗಿ ನೋಡಿಕೊಳ್ಳುತ್ತಾರಾ ಅಂತ ನೋಡಬೇಕಾದ್ದೂ ನಾವೇ. ಬಂದು ನೋಡುವ ಕೌನ್ಸಿಲ್ ಇಲ್ಲ. "ಅಪ್ಪಾ, ನಿನ್ನೆ ತಿಂಡಿ ಎಷ್ಟು ಹೊತ್ತಿಗೆ ತಿಂದಿರಿ?" ಅಂದೆ. "ನಿನಗೆ ಎಂತ ಆಗ್ಬೇಕು ಅದು? ಇಲ್ಲಿ ಎಂತ ಇನ್‌ಸ್ಪೆಕ್ಷನಾ?" ಅಂದರು. ಸಾವಿರಾರು ಮೈಲಿ ದೂರದವರ ತಿಂಡಿಯ ಹೊತ್ತಿಗೆ ನನ್ನಲ್ಲಿ ದಾಖಲೆ ಇದೆ, ಅಪ್ಪನದಕ್ಕೆ ಇಲ್ಲ.

ಡಿಸೆಂಬರ್ ಮೊದಲ ವಾರ ಆ ಹುಡುಗಿಯ ಜೊತೆ ಒಂದು ಬೆಳಗಿನ ರೌಂಡ್ ಹೋದೆ. ಮನೆಯವರ ಒಪ್ಪಿಗೆ ಪಡೆದು, ಅಡುಗೆಮನೆಯ ಬಾಗಿಲ ಹತ್ತಿರ ನಿಂತು ನೋಡುವುದು. ಸ್ನಾನ, ಟಾಯ್ಲೆಟ್ ಹೊತ್ತಿಗೆ ಹೊರಗೆ. ಅವಳು ಕೇರಳದ ಕಾಞಂಗಾಡಿನವಳು. ನನ್ನ ಇಂಗ್ಲಿಷಿನಲ್ಲಿ ಎಂತ ಗುರುತು ಹಿಡಿದಳೋ, ಎರಡನೇ ಮನೆ ಮುಗಿಯುವಷ್ಟರಲ್ಲಿ "ಚೇಚಿ ಕರ್ನಾಟಕವಾ?" ಅಂದಳು. ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ. ಸುಳ್ಯ ಅಂದದ್ದೇ ತಡ, ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಮಾತು ಶುರು. 2023ರಲ್ಲಿ ಕೇರ್ ವೀಸಾದಲ್ಲಿ ಬಂದವಳು. ಮಗು ಊರಲ್ಲಿ ಅಮ್ಮನ ಹತ್ತಿರ.

ಆ ದಿನದ ಅವಳ ರೋಟಾ ಹೀಗಿತ್ತು. ಏಳರಿಂದ ಏಳೂವರೆ ಒಂದು ಮನೆ. ಏಳೂವರೆಯಿಂದ ಎಂಟು ಇನ್ನೊಂದು. ಎಂಟರಿಂದ ಎಂಟೂವರೆ ಅಜ್ಜನ ಮನೆ. ಮೊದಲ ಮನೆ ಊರಿನ ಒಂದು ತುದಿ, ಅಜ್ಜನದ್ದು ಇನ್ನೊಂದು ತುದಿ. ನಡುವೆ ದಾರಿಗೆ ಕೊಟ್ಟ ಹೊತ್ತು ಸೊನ್ನೆ. ಗೂಡಿನಿಂದ ಗೂಡಿಗೆ ಹಾರುವ ಹಕ್ಕಿಗೂ ನಾಲ್ಕು ನಿಮಿಷ ಬೇಕು ಮಾರಾಯ್ರೇ! ಅದರ ಮೇಲೆ ಮೊದಲ ಮನೆಯ ಅಜ್ಜಿಯನ್ನು ಹಾಯ್ಸ್ಟ್‌ನಲ್ಲಿ ಎತ್ತಬೇಕು, ಅದಕ್ಕೆ ಇಬ್ಬರು ಬೇಕು. ಎರಡನೆಯವಳು ಬಸ್ಸಿನಲ್ಲಿ ಬರುತ್ತಾಳೆ. ಬಸ್ಸು ಏಳೂ ಇಪ್ಪತ್ತಕ್ಕೆ. ಒಬ್ಬಳೇ ಎತ್ತಿದರೆ ಬೇಗ ಮುಗಿಯುತ್ತಿತ್ತು. ಇವಳು ಎತ್ತಲಿಲ್ಲ, ಕಾದಳು. ಕಾಯುತ್ತಾ ಅಜ್ಜಿಯ ಕೂದಲು ಬಾಚಿದಳು. ಅದು ಸರಿಯಾದದ್ದೇ. ಹಾಗೆ ಸರಿಯಾಗಿ ಮಾಡಿದ್ದಕ್ಕೇ ನಾವು ಅಜ್ಜನ ಮನೆ ತಲುಪಿದಾಗ 9:25.

ಅಜ್ಜ ಎಚ್ಚರ ಇದ್ದರು. ಬೆನ್ನಿನ ಮೇಲೆ ಮಲಗಿ ಛಾವಣಿ ನೋಡುತ್ತಿದ್ದರು. ಮಾತಾಡಲು ಬಾಯಿ ತೆರೆದರು, ಧ್ವನಿ ಬರಲಿಲ್ಲ. ಅವಳು ಮೊದಲು ಮಾತ್ರೆ ಕೊಟ್ಟಳು, ನೀರಿಗೆ ಹಿಟ್ಟಿನಂಥದ್ದು ಬೆರೆಸಿ ಸ್ವಲ್ಪ ಮಂದ ಮಾಡಿ, ತಲೆ ಎತ್ತಿ ಹಿಡಿದು. ಮಾತ್ರೆ ಹಿಡಿಯಲು ಅರ್ಧ ಗಂಟೆಗೂ ಜಾಸ್ತಿ ಬೇಕು. ಇವಳ ಹತ್ತಿರ ಇರುವುದೇ ಅರ್ಧ ಗಂಟೆ. ಆದ್ದರಿಂದ ಬಿಗಿದ ಮೈಯನ್ನೇ ನಿಧಾನವಾಗಿ ಕೂರಿಸಿ, ಒರೆಸಿ, ಬಟ್ಟೆ ಹಾಕಬೇಕು. ತೋಳು ಮಡಚುವುದಿಲ್ಲ. ಶರ್ಟು ಒಂದು ಕೈಗೆ ಹೋದರೆ ಇನ್ನೊಂದಕ್ಕೆ ಹೋಗುವುದಿಲ್ಲ. ಮಾತ್ರೆ ಎಂಟಕ್ಕೆ ಹೋಗಿ ಕಾಲ್ ಎಂಟೂಮುಕ್ಕಾಲಿನ ತನಕ ಇದ್ದಿದ್ದರೆ ಗುಂಡಿ ಅವರೇ ಹಾಕಿಕೊಳ್ಳುತ್ತಿದ್ದರು. ಇದು ಯಾವ ಫಾರಮ್ಮಿನಲ್ಲೂ ಇಲ್ಲದ ವಿಷಯ. ಇದನ್ನು ಹೇಳಿಕೊಟ್ಟದ್ದು ಅವಳು.

ಕಾರಿನಲ್ಲಿ ಕೂತ ಮೇಲೆ ಅವಳು ಕೇಳಿದ್ದು ಒಂದೇ. "ಚೇಚಿ, ರಿಪೋರ್ಟಲ್ಲಿ ನನ್ನ ಹೆಸರು ಬರ್ತದಾ?" ಅವಳ ವೀಸಾ ಇರುವುದು ಈ ಏಜೆನ್ಸಿಯ ಹೆಸರಿನಲ್ಲಿ. ಕೆಲಸ ಹೋಗಿ ವೀಸಾ ರದ್ದು ಮಾಡುವ ಪತ್ರ ಬಂದರೆ ಸಾಮಾನ್ಯವಾಗಿ 60 ದಿನದಲ್ಲಿ ಇನ್ನೊಬ್ಬ ಸ್ಪಾನ್ಸರ್ ಹುಡುಕಬೇಕು, ಇಲ್ಲದಿದ್ದರೆ ಊರಿಗೆ. ಅದಕ್ಕೇ ಸೊನ್ನೆ ನಿಮಿಷದ ರೋಟಾ ಕೊಟ್ಟರೂ ಬಾಯಿಗೆ ಬೀಗ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ರಾತ್ರಿ ಹತ್ತು, ನಡುವೆ ಎಣಿಸಿ ಕೊಡುವುದು ಮನೆಗಳ ಒಳಗಿದ್ದ ಹೊತ್ತು ಮಾತ್ರ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೂ ಕೆಲಸದ ಹೊತ್ತೇ, ಕನಿಷ್ಠ ಕೂಲಿಯ ಲೆಕ್ಕಕ್ಕೆ ಅದನ್ನೂ ಸೇರಿಸಬೇಕು ಅಂತ ಕಾನೂನಿದೆ. ಆ ವರ್ಷ ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡು. ಸೇರಿಸಿ ಭಾಗಿಸಿದರೆ ಅವಳಿಗೆ ಅಷ್ಟು ಬೀಳುತ್ತಿತ್ತಾ? ಕಾರಿನಲ್ಲೇ ಲೆಕ್ಕ ಹಾಕಿದೆವು. ಬೀಳುತ್ತಿರಲಿಲ್ಲ.

ಮ್ಯಾನೇಜರ್ ಎದುರು ಮತ್ತೆ ಕೂತಾಗ ನಾನು ಕೋಪದಲ್ಲಿದ್ದೆ. ದಾರಿಗೆ ಹೊತ್ತು ಯಾಕೆ ಇಟ್ಟಿಲ್ಲ ಅಂತ ಕೇಳಿದೆ. ಅವರು ಸಿಟ್ಟಾಗಲಿಲ್ಲ. ನಮ್ಮದೇ ಕರಾರು ಪತ್ರ ತೆಗೆದು ನನ್ನ ಮುಂದೆ ಇಟ್ಟರು. "ನೀವು ಅರ್ಧ ಗಂಟೆ ಕೊಂಡಿದ್ದೀರಿ. ದಾರಿ ಎಲ್ಲಿ ಕೊಂಡಿದ್ದೀರಿ ತೋರಿಸಿ" ಅಂದರು. ಹೋಂಕೇರ್ ಅಸೋಸಿಯೇಷನ್ ಅನ್ನುವ ಏಜೆನ್ಸಿಗಳ ಒಕ್ಕೂಟ ಪ್ರತಿ ವರ್ಷ ಒಂದು ಕನಿಷ್ಠ ದರ ಲೆಕ್ಕ ಹಾಕುತ್ತದೆ. ಕೂಲಿ, ದಾರಿ, ರಜೆ, ತರಬೇತಿ, ಆಫೀಸು ಎಲ್ಲ ಸೇರಿಸಿ. 2024-25ಕ್ಕೆ ಇಂಗ್ಲೆಂಡಿನಲ್ಲಿ ಅದು ಗಂಟೆಗೆ 28.53 ಪೌಂಡು. ನಾವು ಕೊಡುತ್ತಿದ್ದದ್ದು ಅದಕ್ಕಿಂತ ಐದು ಪೌಂಡಿನಷ್ಟು ಕಡಿಮೆ. ಒಕ್ಕೂಟದವರು ತಮ್ಮ ಕಡೆಗೇ ಎಳೆದು ಲೆಕ್ಕ ಹಾಕಿರಬಹುದು, ಅದನ್ನು ನಾನು ಒಪ್ಪುತ್ತೇನೆ. ಆದರೆ ಐದು ಪೌಂಡು? ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಡುವವರೂ ನಾವೇ, ನಿಮಿಷ ಕದ್ದರು ಅಂತ ಹಿಡಿಯಲು ಹೋಗುವವರೂ ನಾವೇ.

ಅರ್ಧ ಗಂಟೆಗಿಂತ ಕಡಿಮೆಯ ಕಾಲ್ ಬೇಡ, ಪರಿಚಯದ ಕೇರರ್ ಬಂದು ಮಾತ್ರೆ ಕೊಟ್ಟು ಹೋಗುವಂಥ ಸಣ್ಣ ಕೆಲಸಕ್ಕೆ ಮಾತ್ರ ಇರಲಿ ಅಂತ 2015ರಲ್ಲೇ ನೈಸ್ ಅನ್ನುವ, ಆರೋಗ್ಯ ಮತ್ತು ಆರೈಕೆಗೆ ಮಾರ್ಗಸೂಚಿ ಮಾಡುವ ಇಲ್ಲಿನ ಸಂಸ್ಥೆ ಹೇಳಿತ್ತು. ನಮ್ಮ ಕೌನ್ಸಿಲ್ ಕಾಲು ಗಂಟೆಯ ಕಾಲ್‌ಗಳಲ್ಲಿ ಊಟವನ್ನೂ ಮುಗಿಸಿ ಅನ್ನುತ್ತಿತ್ತು.

ಹಾಗಂತ ಏಜೆನ್ಸಿಯನ್ನು ನಾನು ಬಿಟ್ಟೆ ಅಂದುಕೊಳ್ಳಬೇಡಿ. ಮಾತ್ರೆ ತಡವಾಗುತ್ತಿದೆ ಅಂತ ಮಗಳು ಮೂರು ಸಲ ಹೇಳಿದರೂ ಚಾರ್ಟ್ ತೋರಿಸಿ ಕಳಿಸಿದ್ದು ಅವರೇ. ತಮ್ಮದೇ ಫೋನಿನ ದಾಖಲೆಯನ್ನು ಒಮ್ಮೆ ಪಕ್ಕದಲ್ಲಿಟ್ಟು ನೋಡಲಿಲ್ಲ. ಆಗದ ಕಾಲ್‌ಗಳನ್ನು ಆಗುತ್ತದೆ ಅಂತ ಒಪ್ಪಿಕೊಂಡದ್ದೂ ಅವರೇ. ಅಜ್ಜನ ವಿಷಯ ಕೇರ್ ಆ್ಯಕ್ಟ್‌ನ 42ನೇ ಸೆಕ್ಷನ್ ಪ್ರಕಾರ ಸೇಫ್‌ಗಾರ್ಡಿಂಗ್ ತಂಡಕ್ಕೆ, ಅಂದರೆ ಇಂಥವರಿಗೆ ತೊಂದರೆ ಆಗಿದೆಯಾ ಅಂತ ವಿಚಾರಿಸುವವರಿಗೆ ಹೋಯಿತು. 'ನಿರ್ಲಕ್ಷ್ಯ' ಅನ್ನುವ ಪದ ಆ ಫಾರಮ್ಮಿನಲ್ಲಿ ಬರುತ್ತದೆ. ಮ್ಯಾನೇಜರ್ ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿಕ್ಯೂಸಿಗೂ ತಿಳಿಸಿದೆವು. ಹೊಸ ಗ್ರಾಹಕರನ್ನು ಕೊಡುವುದನ್ನು ಆರು ವಾರ ನಿಲ್ಲಿಸಿದೆವು.

ಸುಧಾರಣೆಯ ಪಟ್ಟಿಯಲ್ಲಿ ಹದಿನಾಲ್ಕು ಅಂಶ ಇದ್ದವು. ನನಗೆ ಮುಖ್ಯ ಅನ್ನಿಸಿದ್ದು ಮೂರು. ಹೊತ್ತಿಗೆ ಸರಿಯಾಗಿ ಕೊಡಬೇಕಾದ ಮಾತ್ರೆ ಇರುವವರಿಗೆ ರೋಟಾದಲ್ಲಿ ಕೆಂಪು ಗುರುತು, ಅವರೇ ರೌಂಡಿನ ಮೊದಲ ಮನೆ. ಅವರ ಚಾರ್ಟ್‌ನಲ್ಲಿ ನಿಜವಾದ ಗಂಟೆ ಬರೆಯಲು ಒಂದು ಸಾಲು. ಹಾಯ್ಸ್ಟ್ ತರಬೇತಿ ಯಂತ್ರದ ಮುಂದೆ ನಿಂತೇ. ಕೊನೆಗೆ ಒಂದು ಪ್ಯಾರಾ ಸೇರಿಸಿದೆ, ನಮ್ಮ ಕರಾರಿನಲ್ಲಿ ದಾರಿಯ ಹೊತ್ತಿಗೆ ದುಡ್ಡಿಲ್ಲ, ಇದು ಇರುವ ತನಕ ಈ ತೊಂದರೆ ಬೇರೆ ಏಜೆನ್ಸಿಗಳಲ್ಲೂ ಇರುತ್ತದೆ ಅಂತ. ನನ್ನ ಮೇಲಧಿಕಾರಿ ಒಳ್ಳೆಯವರು. ಎರಡು ಸಲ ಓದಿದರು. "ಇದು ಏಜೆನ್ಸಿಯ ವರದಿ ಅಲ್ವಾ, ನಮ್ಮದಲ್ಲವಲ್ಲ" ಅಂದರು. ತೆಗೆಯಿರಿ ಅನ್ನಲಿಲ್ಲ. ಪ್ಯಾರಾ ಅನುಬಂಧಕ್ಕೆ ಹೋಯಿತು, ಪುಟ 23. ಅನುಬಂಧ ಓದುವವರು ಎಷ್ಟು ಜನ ಅಂತ ಸರ್ಕಾರಿ ಆಫೀಸು ನೋಡಿದವರಿಗೆ ಹೇಳಬೇಕಾಗಿಲ್ಲ.

ಆದರೂ ಅದರಿಂದ ಒಂದು ಸಣ್ಣ ಲಾಭ ಆಯಿತು. ಕಾಲ್ ಹಂಚುವ ನಮ್ಮ ವಿಭಾಗದವರು ಪಾರ್ಕಿನ್ಸನ್ಸ್ ಇರುವವರ ಅರ್ಜಿ ಬಂದರೆ ಈಗ ಮಾತ್ರೆಯ ಹೊತ್ತು ಕೇಳಿ ಬರೆದುಕೊಳ್ಳುತ್ತಾರೆ. ಅಜ್ಜನ ಬೆಳಗಿನ ಅರ್ಧ ಗಂಟೆಯನ್ನು ಮುಕ್ಕಾಲು ಗಂಟೆ ಮಾಡಿದರು. ಮಗಳು ಥ್ಯಾಂಕ್ಸ್ ಹೇಳಿ ಮೇಲ್ ಕಳಿಸಿದಳು. ಅದರ ಜೊತೆಗೇ ಅಪ್ಪನ ಪಾಲಿನ ಬಿಲ್ ಜಾಸ್ತಿ ಆಗುತ್ತದಾ ಅಂತಲೂ ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ಹಣಕಾಸು ವಿಭಾಗಕ್ಕೆ ಕಳಿಸಿದೆ.

ಜನವರಿ ಕೊನೆಯ ವಾರ ಮರುಪರಿಶೀಲನೆ. ದಾಖಲೆ ನೋಡಿದೆ. 28 ಬೆಳಗುಗಳಲ್ಲಿ 25 ದಿನ ಎಂಟೂಕಾಲಿನ ಒಳಗೆ. ಆದರೆ ದಾಖಲೆ ನಂಬಿ ಒಮ್ಮೆ ಕೆಟ್ಟವಳು ನಾನು. ಹೇಳದೆ ಕೇಳದೆ ಒಂದು ದಿನ ಅಜ್ಜನ ಮನೆಯ ರಸ್ತೆಯಲ್ಲಿ ಕಾರು ನಿಲ್ಲಿಸಿ ಕೂತೆ. ಏಳೂನಲವತ್ತು, ಇನ್ನೂ ಕತ್ತಲೆ, ಗಾಜಿನ ಮೇಲೆ ಹಿಮ. ಫ್ಲಾಸ್ಕಿನ ಕಾಫಿ ಕುಡಿದೆ.

7:56ಕ್ಕೆ ಅವಳ ಸಣ್ಣ ಕಾರು ಬಂತು. ನನ್ನನ್ನು ಕಂಡು ಮೊದಲು ಹೆದರಿದಳು, ಆಮೇಲೆ ನಕ್ಕಳು. ಬಾಗಿಲ ಪಕ್ಕದ ಕೀ ಸೇಫ್‌ನ, ಅಂದರೆ ಕೀಲಿ ಇಡುವ ಸಣ್ಣ ಪೆಟ್ಟಿಗೆಯ ನಂಬರ್ ಒತ್ತುತ್ತಾ "ಈಗ ಇದೇ ಮೊದಲನೇ ಮನೆ ಚೇಚಿ" ಅಂದಳು. ಪೆಟ್ರೋಲ್ ದುಡ್ಡು ಕೊಡುತ್ತಾರಾ ಅಂತ ಕೇಳಿದೆ. ಮೈಲಿಗೆ ಇಷ್ಟು ಅಂತ ಶುರು ಮಾಡಿದ್ದಾರಂತೆ. ದಾರಿಯ ಹೊತ್ತಿಗೆ? "ಅದು ಇಲ್ಲ" ಅಂದಳು. ರೋಟಾ ತೋರಿಸಿದಳು. ಅಜ್ಜನ ಮನೆ ಎಂಟರಿಂದ ಎಂಟೂಮುಕ್ಕಾಲು. ಹಾಯ್ಸ್ಟ್‌ನ ಅಜ್ಜಿಯ ಮನೆ ಎಂಟೂಮುಕ್ಕಾಲರಿಂದ.

"ಒಳಗೆ ಬನ್ನಿ, ಎಂಟಾಯ್ತು" ಅಂದು ಫೋಲ್ಡರಿಗೆ ಫೋನ್ ತಾಗಿಸಿದಳು.